ಹನ್ನೊಂದು ಸ್ಟೂಲು, ಒಂದು ಫಲಕ

ಸಾಮಾಜಿಕ ನ್ಯಾಯ ಸ್ಮಾರಕ ನಿಧಿಯ ಕಚೇರಿ ಎಲ್ಲಿದೆ ಎಂದು ಕೇಳಿದವರಿಗೆ ಆ ಊರಿನಲ್ಲಿ ಮೂರು ದಾರಿ ತೋರಿಸಲಾಗುತ್ತಿತ್ತು. ಮೂರೂ ಸರಿಯಾದ ದಾರಿಗಳೇ. ಯಾವುದರಲ್ಲಿ ಹೋದರೂ ಕಚೇರಿ ಮಾತ್ರ ಸಿಗುತ್ತಿರಲಿಲ್ಲ. ಗುಂಡಿಯಕ್ಕ ಮೂರನ್ನೂ ಮುಗಿಸಿ, ಚರ್ಚಿನ ಹಿಂದಿನ ಗಲ್ಲಿಯಲ್ಲಿ ಅದೇ ಸೈಕಲ್ ರಿಪೇರಿಯವನ ಮುಂದೆ ನಾಲ್ಕನೇ ಸಲ ಬಂದು ನಿಂತಾಗ ಹನ್ನೊಂದು ಗಂಟೆ ಹೊಡೆದಿತ್ತು.

"ಏನಕ್ಕ, ಮತ್ತೆ ಬಂದ್ರಿ," ಎಂದ ಅವನು, ನೀರಿನ ತೊಟ್ಟಿಯಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕುತ್ತ. "ನ್ಯಾಯ ಸಿಗಲಿಲ್ವಾ?"

"ನ್ಯಾಯ ಆಮೇಲೆ ನೋಡೋಣ. ಮೊದಲು ಅದರ ಬಾಗಿಲು ಎಲ್ಲಿದೆ ಹೇಳಪ್ಪ."

"ಕೋರ್ಟಾದ್ರೆ ಆ ಕಡೆ."

"ಕೋರ್ಟಲ್ಲ ಅಂತ ಮೂರು ಸಲ ಹೇಳಿದ್ನಲ್ಲ. ಚರ್ಚಿನವರ ನಿಧಿ. ಸತ್ತವರ ಹೆಸರಲ್ಲಿ ಬದುಕಿರೋರಿಗೆ ಕೊಡ್ತಾರಂತಲ್ಲ, ಅದು."

"ಓ, ಅದಾ. ಇಲ್ಲೇ." ಅವನು ತನ್ನ ಬೆನ್ನ ಹಿಂದಿದ್ದ ಬಾಗಿಲನ್ನು ಸ್ಪ್ಯಾನರಿನಲ್ಲಿ ತೋರಿಸಿದ. "ಮೊದಲೇ ಹಾಗೆ ಕೇಳಬೇಕಲ್ಲಕ್ಕ."

ಬಾಗಿಲಿಗೆ ಬೋರ್ಡು ಇರಲಿಲ್ಲ. ಬೋರ್ಡನ್ನು ದಾನಿಯೊಬ್ಬರು ತಮ್ಮ ತಾಯಿಯ ನೆನಪಿಗೆ ಮಾಡಿಸಿಕೊಟ್ಟಿದ್ದರು. ಬಿಸಿಲಿಗೆ ಅಕ್ಷರ ಮಾಸಿದರೆ ಆ ತಾಯಿಗೆ ಅಗೌರವವಾದೀತೆಂದು ಅದನ್ನು ಬಟ್ಟೆ ಸುತ್ತಿ ಒಳಗೆ ಬೀರುವಿನಲ್ಲಿ ಇಡಲಾಗಿತ್ತು.

ಗುಂಡಿಯಕ್ಕ ಮೂರಂತಸ್ತಿನ ಬಟ್ಟೆ ಅಂಗಡಿಯೊಂದರ ಕೆಳಮಹಡಿಯಲ್ಲಿ ಗುಂಡಿ, ಹುಕ್ಕು, ಜಿಪ್ಪು, ದಾರ ಮಾರುವವಳು. ಏಳು ಕೆರೆ ನೀರು ಕುಡಿದ ಹೆಂಗಸು. ಹಡಗು ಬರುವ ಊರಿನಲ್ಲಿ ಮೀನು ಕತ್ತರಿಸಿದ್ದಳು, ರೈಲು ಕೂಡುವ ಊರಿನಲ್ಲಿ ಕ್ಯಾಂಟೀನು ನೋಡಿಕೊಂಡಿದ್ದಳು, ಇನ್ನೊಂದು ಕಡೆ ಸರ್ಕಸ್ಸಿನವರ ಬಟ್ಟೆ ಹೊಲಿದಿದ್ದಳು. ಎಲ್ಲೂ ಎರಡು ವರ್ಷಕ್ಕಿಂತ ಹೆಚ್ಚು ಕಾಲೂರಿದವಳಲ್ಲ. ಈ ಅಂಗಡಿಗೆ ಬಂದು ಮಾತ್ರ ನಾಲ್ಕು ವರ್ಷವಾಗಿತ್ತು. ಕಾಲೂರಿದ್ದು ನಿಜ, ಕೂತದ್ದು ಇಲ್ಲ.

ಆ ಅಂಗಡಿಯಲ್ಲಿ ಹನ್ನೊಂದು ಮಂದಿ ಹೆಂಗಸರು ಬೆಳಿಗ್ಗೆ ಒಂಬತ್ತರಿಂದ ಅಂಗಡಿ ಮುಚ್ಚುವವರೆಗೆ ನಿಲ್ಲುತ್ತಿದ್ದರು. ಕೂತ ಕೆಲಸದವಳನ್ನು ಕಂಡರೆ ಗಿರಾಕಿಗೆ ಇಲ್ಲಿ ವ್ಯಾಪಾರವಿಲ್ಲ ಅನ್ನಿಸುತ್ತದೆ, ಹಾಗನ್ನಿಸಿದ ಮೇಲೆ ವ್ಯಾಪಾರ ಇರುವುದಿಲ್ಲ ಎಂಬುದು ಸಾಹುಕಾರರ ಸಿದ್ಧಾಂತ. ಈ ಸಿದ್ಧಾಂತವನ್ನು ಅವರು ಗಲ್ಲಾದ ಹಿಂದಿನ ಮೆತ್ತನೆಯ ಕುರ್ಚಿಯಲ್ಲಿ ಕೂತು ರೂಪಿಸಿದ್ದರು.

ಹನ್ನೊಂದು ಮಂದಿಯಲ್ಲಿ ಹಿರಿಯಳು ಟವೆಲ್ ಕೌಂಟರಿನ ದೊಡ್ಡಮ್ಮ. ಇಪ್ಪತ್ತಾರು ವರ್ಷ ನಿಂತು ನಿಂತು ಆಕೆಯ ಮೀನಖಂಡದ ನರಗಳು ಹುರಿಹಗ್ಗದ ಹಾಗೆ ಎದ್ದಿದ್ದವು. ಗಂಟೆಗೆ ಹತ್ತು ನಿಮಿಷವಾದರೂ ಕೂರದಿದ್ದರೆ ಕೆಲಸ ಉಳಿದೀತು, ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು. ಆ ಒಂದು ವರ್ಷಕ್ಕೆ ದೊಡ್ಡಮ್ಮನಿಗೆ ಕಾಲೂ ಬೇಕಿತ್ತು, ಕೆಲಸವೂ ಬೇಕಿತ್ತು. ವಿಷಯವನ್ನು ಸಾಹುಕಾರರ ಮುಂದೆ ಇಟ್ಟಾಗ ಅವರು ಸಮಾಧಾನವಾಗಿಯೇ ಹೇಳಿದರು: "ಕೂರಬೇಕು ಅನ್ನೋರು ಮನೇಲಿ ಕೂರಬಹುದಮ್ಮ. ಅಲ್ಲಿ ಯಾರು ಬೇಡ ಅಂತಾರೆ?"

"ಸ್ಟೂಲು ನಾವೇ ತಂದ್ರೆ?" ಎಂದು ಕೇಳಿದವಳು ಗುಂಡಿಯಕ್ಕ.

"ತನ್ನಿ. ಗಿರಾಕಿ ಇಲ್ಲದಾಗ ಕೂರಿ. ನನ್ನ ಜೇಬಿಂದ ಒಂದು ಮೊಳೆ ಕೂಡ ಬರಲ್ಲ, ಅಷ್ಟೇ. ಮತ್ತೆ, ಅದಕ್ಕೆ ಅಂತ ಓಡಾಡೋವಾಗ ನಿನ್ನ ಕೌಂಟರು ಖಾಲಿ ಇರಬಾರದು."

ಹನ್ನೊಂದು ಸ್ಟೂಲು ಕೊಳ್ಳುವಷ್ಟು ದುಡ್ಡು ಹನ್ನೊಂದು ಸಂಬಳದಲ್ಲೂ ಮಿಗುತ್ತಿರಲಿಲ್ಲ; ಉಳಿದದ್ದು ಚರ್ಚಿನ ನಿಧಿಯೊಂದೇ.

"ನಾನು ನೋಡ್ಕೋತೀನಿ, ನೀನು ಹೋಗು," ಎಂದಳು ದೊಡ್ಡಮ್ಮ. "ಒಂದು ಕೌಂಟರಿಗೆ ನಿಂತ್ರೂ ಇದೇ ಕಾಲು, ಎರಡಕ್ಕೆ ನಿಂತ್ರೂ ಇದೇ ಕಾಲು."

ಹೀಗೆ, ಯಾರ ಕಾಲಿಗಾಗಿ ಸ್ಟೂಲು ಬೇಕಿತ್ತೋ ಆ ಕಾಲೇ ಸ್ಟೂಲು ತರುವ ಕೆಲಸಕ್ಕೂ ನಿಂತಿತು.

ಕಚೇರಿಯ ಒಳಗೆ ಎಂಟು ಕುರ್ಚಿಗಳಿದ್ದವು, ಒಳ್ಳೆಯ ಮರದವು. ಕಾರ್ಯದರ್ಶಿಗಳು ಮೇಜಿನ ಹಿಂದೆ ನಿಂತಿದ್ದರು. ನಿವೃತ್ತ ಹೆಡ್‌ಮಾಸ್ತರು. ಬರೆದದ್ದನ್ನು ಓದಿದ ಹಾಗೆ ಮಾತಾಡುವ ಅಭ್ಯಾಸ. ಎಡಗಾಲಿನಿಂದ ಬಲಗಾಲನ್ನೂ ಬಲಗಾಲಿನಿಂದ ಎಡಗಾಲನ್ನೂ ಸರದಿಯಂತೆ ಉಜ್ಜಿಕೊಳ್ಳುತ್ತಿದ್ದರು.

"ನಮಸ್ಕಾರ ಸಾರ್. ಕೂತು ಮಾತಾಡಬಹುದಾ? ನಡೆದು ನಡೆದು ಸಾಕಾಗಿದೆ."

"ಕೂರುವ ಮುನ್ನ ದಯವಿಟ್ಟು ಓದತಕ್ಕದ್ದು."

ಪ್ರತಿ ಕುರ್ಚಿಯ ಆಸನದ ನಡುವೆ ಒಂದೊಂದು ಹಿತ್ತಾಳೆ ತಗಡು ಹೊಡೆದಿತ್ತು. ಗುಂಡಿಯಕ್ಕ ಬಗ್ಗಿ ಓದಿದಳು: ನಮ್ಮ ಪ್ರೀತಿಯ ತಂದೆಯವರ ಪವಿತ್ರ ನೆನಪಿಗೆ.

"ಅವರ ಮೇಲೆ ಕೂರುತ್ತೀರಾ?" ಎಂದು ಕೇಳಿದರು ಕಾರ್ಯದರ್ಶಿಗಳು.

"ಅಯ್ಯೋ ಬೇಡಿ. ಈ ಪಕ್ಕದ್ದು?"

"ಅವರ ಧರ್ಮಪತ್ನಿ."

"ಹಾಗಾದ್ರೆ ನೀವು?"

"ಹನ್ನೆರಡು ವರ್ಷಗಳಿಂದ ನಿಂತಿದ್ದೇನೆ. ರೂಢಿಯಾಗಿದೆ."

ಗೋಡೆಯ ಮೇಲೆ ಒಬ್ಬ ಮುದುಕಿಯ ಫೋಟೋ ಇತ್ತು. ನಿಧಿ ಇದ್ದುದೇ ಆಕೆಯ ನೆನಪಿಗೆ. ಆಕೆ ಸೂಲಗಿತ್ತಿ. ನಲವತ್ತು ವರ್ಷ ಊರಿನ ಅರ್ಧ ಜನರನ್ನು ಕೈಯಲ್ಲಿ ಹಿಡಿದು ಭೂಮಿಗೆ ಇಳಿಸಿಕೊಂಡವಳು. ಸಾಯುವಾಗ ಕೂಡಿಟ್ಟದ್ದನ್ನೆಲ್ಲ ಚರ್ಚಿಗೆ ಕೊಟ್ಟು, ನ್ಯಾಯಕ್ಕಾಗಿ ಬಡಿದಾಡುವವರಿಗೆ ಹಂಚಿ ಎಂದಿದ್ದಳು. ಅಳುತ್ತ ಮನೆಗೆ ಬಂದ ಯಾರಿಗೇ ಆಗಲಿ ಆಕೆ ಹೇಳುತ್ತಿದ್ದ ಮಾತನ್ನು ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ಮೊದಲು ಕೂತ್ಕೋ, ಆಮೇಲೆ ಹೇಳು.

ಗುಂಡಿಯಕ್ಕ ಅದನ್ನು ನಿಂತುಕೊಂಡೇ ಓದಿ, ನಿಂತುಕೊಂಡೇ ತನ್ನ ವಿಷಯ ಹೇಳಿದಳು. ಕಾರ್ಯದರ್ಶಿಗಳು ಮರುಕದಿಂದ ಕೇಳಿಸಿಕೊಂಡು ನಮೂನೆ ಏಳನ್ನು ಮುಂದೆ ಇಟ್ಟರು. ಅದರಲ್ಲಿ ಅರ್ಜಿದಾರರ ಹೆಸರಾದ ಮೇಲೆ ಎರಡನೆಯ ಪ್ರಶ್ನೆ ಹೀಗಿತ್ತು: ಅನ್ಯಾಯದ ಉದ್ದ, ಅಗಲ ಮತ್ತು ಎತ್ತರ (ಅಡಿಗಳಲ್ಲಿ).

"ಸಾರ್, ಅನ್ಯಾಯಕ್ಕೆ ಎತ್ತರ ಎಲ್ಲಿಂದ ತರಲಿ?"

"ಅಳತೆ ಇಲ್ಲದಿದ್ದರೆ ಸ್ಮಾರಕ ಫಲಕವನ್ನು ಎಲ್ಲಿ ಜೋಡಿಸುವುದು? ನಿಯಮ ನಾಲ್ಕರ ಪ್ರಕಾರ ಫಲಕವಿಲ್ಲದ ಅನುದಾನವಿಲ್ಲ."

ನಿಯಮ ನಾಲ್ಕು ಬಹಳ ಒಳ್ಳೆಯ ಕೆಲಸ ಮಾಡಿತ್ತು. ಮಾರುಕಟ್ಟೆಯ ಹಮಾಲರು ಕುಡಿಯುವ ನೀರು ಬೇಕೆಂದು ಕೇಳಿದ್ದರು. ಅವರಿಗೆ ಒಂದು ನಲ್ಲಿ ಮತ್ತು ಒಂದು ಫಲಕ ಮಂಜೂರಾಗಿ, ಫಲಕವು ನಲ್ಲಿಗೆ ಅಡ್ಡ ಬಂದದ್ದರಿಂದ ನಲ್ಲಿಯನ್ನು ತೆಗೆಯಲಾಗಿತ್ತು. ಬಡವರ ಪರವಾಗಿ ಪುಕ್ಕಟೆ ವಾದ ಮಾಡುವ ವಕೀಲರೊಬ್ಬರಿಗೂ ಅನುದಾನ ಸಿಕ್ಕಿತ್ತು. ವಾದಕ್ಕೆ ಮೊಳೆ ಹೊಡೆಯಲು ಬಾರದ್ದರಿಂದ ಫಲಕವನ್ನು ವಕೀಲರ ಬೆನ್ನಿಗೆ ಕಟ್ಟಲಾಗಿತ್ತು. ಅವರು ನ್ಯಾಯಾಧೀಶರಿಗೆ ತಲೆಬಾಗಿದಾಗಲೆಲ್ಲ ಹಿಂದಿನ ಬೆಂಚಿನವರು ಓದಿ ಆಮೆನ್ ಅನ್ನುತ್ತಿದ್ದರಂತೆ.

ಗುಂಡಿಯಕ್ಕ ಒಂದು ಸ್ಟೂಲನ್ನು ಮನಸ್ಸಿನಲ್ಲೇ ಅಳೆದು, ಅನ್ಯಾಯದ ಉದ್ದ ಒಂದಡಿ, ಅಗಲ ಒಂದಡಿ, ಎತ್ತರ ಎರಡಡಿ, ಒಟ್ಟು ಅನ್ಯಾಯ ಹನ್ನೊಂದು ಎಂದು ಬರೆದು ಸಹಿ ಹಾಕಿದಳು.

"ಮಂಗಳವಾರ ಬರತಕ್ಕದ್ದು," ಎಂದರು ಕಾರ್ಯದರ್ಶಿಗಳು.

ಮಂಗಳವಾರ ಹೋದಳು. ಶುಕ್ರವಾರ ಬರಲು ಹೇಳಿದರು. ಶುಕ್ರವಾರ ಪಾದ್ರಿಗಳು ಒಂದು ಮದುವೆಗೆ ಹೋಗಿದ್ದರು. ಮುಂದಿನ ಮಂಗಳವಾರ ಇನ್ನೊಂದು ಮದುವೆ. ಆರನೆಯ ಸಲ ಹೋದಾಗ ಸಮಿತಿ ಸೇರಿತು. ಪಾದ್ರಿಗಳು, ಖಜಾಂಚಿಗಳು, ಕಾರ್ಯದರ್ಶಿಗಳು ಮೇಜಿನ ಸುತ್ತ ನಿಂತರು.

ಇಲ್ಲಿ ಒಂದು ಸಂಗತಿಯನ್ನು ದಾಖಲಿಸಬೇಕು. ಊರಿನಲ್ಲಿ ಹಿತ್ತಾಳೆಯ ಮೇಲೆ ಅಕ್ಷರ ಕೊರೆಯುವವನು ಒಬ್ಬನೇ. ಅವನು ಖಜಾಂಚಿಗಳ ಭಾವಮೈದ. ಅಕ್ಷರಕ್ಕಿಷ್ಟು ಎಂಬುದು ಅವನ ದರ. ಇದು ಕೇವಲ ಕಾಕತಾಳೀಯ ಎಂದು ಸಮಿತಿಯ ಹಿಂದಿನ ಸಭೆಯೊಂದರಲ್ಲಿ ಸರ್ವಾನುಮತದಿಂದ ತೀರ್ಮಾನಿಸಲಾಗಿತ್ತು.

"ಫಲಕದಲ್ಲಿ ಏನು ಬರೆಸೋಣ?" ಎಂದರು ಪಾದ್ರಿಗಳು. "ಸೂಲಗಿತ್ತಿಯ ನೆನಪಿಗೆ ಅಂತ ಹಾಕಿದರೆ ಸಾಲದೆ?"

"ತೀರಾ ಬರಿಗೈಲಿ ಕಳಿಸಿದ ಹಾಗಾಗುತ್ತೆ ಫಾದರ್," ಎಂದರು ಖಜಾಂಚಿಗಳು. "ಅಸಂಖ್ಯಾತ ಶಿಶುಗಳನ್ನು ಸ್ವಹಸ್ತದಿಂದ ಧರೆಗೆ ಬರಮಾಡಿಕೊಂಡ ಮಹಾಮಾತೆ ಅಂತಿರಲಿ. ತೀರಿಕೊಂಡರು ಅಂತ ಬೇಡ. ಸಂಪೂರ್ಣ ಸಮಾಧಾನದಿಂದ ಪ್ರಭುವಿನಲ್ಲಿ ನಿದ್ರೆಹೋದರು ಅಂತಿರಲಿ."

ಅದಾದ ಮೇಲೆ ಆಕೆಯ ಮಾತು ಸೇರಿತು. ಸಮಿತಿಯವರ ಹೆಸರುಗಳು, ಸಮಿತಿಯವರ ತಂದೆತಾಯಿಗಳ ಹೆಸರುಗಳು, ಹಿಂದಿನ ಸಮಿತಿಯವರು ಬೇಸರಪಟ್ಟುಕೊಳ್ಳದಂತೆ ಅವರ ಹೆಸರುಗಳು ಸೇರಿದವು. ಅಂಗಡಿಯಲ್ಲಿ ಜಾಗ ಕೊಟ್ಟ ಸಾಹುಕಾರರ ಹೆಸರು ಬಿಡುವಂತಿರಲಿಲ್ಲ. ಕೊರೆದವನ ಹೆಸರನ್ನು ಕೆಳಗೆ ಚಿಕ್ಕದಾಗಿ ಹಾಕುವುದೆಂದಾಯಿತು. ಹತ್ತನೆಯ ಸಲ ಗುಂಡಿಯಕ್ಕ ಹೋದಾಗ ಫಲಕವು ಆರಡಿ ಎತ್ತರ, ನಾಲ್ಕಡಿ ಅಗಲಕ್ಕೆ ಬೆಳೆದು ನಿಂತಿತ್ತು.

"ಸ್ಟೂಲು ಒಂದಡಿ ಅಲ್ವಾ ಸಾರ್," ಎಂದಳು ಗುಂಡಿಯಕ್ಕ.

"ಅದೇ ತೊಂದರೆ ಆಗಿರೋದು. ನಿಮ್ಮ ಅನ್ಯಾಯ ಸ್ವಲ್ಪ ಚಿಕ್ಕದಾಯ್ತು," ಎಂದರು ಖಜಾಂಚಿಗಳು. "ಇನ್ನೊಂದು ಏನಪ್ಪಾ ಅಂದ್ರೆ, ಹನ್ನೊಂದು ಸ್ಟೂಲಿಗೆ ಹನ್ನೊಂದು ಫಲಕ ಬೇಕು. ಅಷ್ಟು ಹಿತ್ತಾಳೆ ನಿಧಿಗೆ ಎಟುಕಲ್ಲ. ಹನ್ನೊಂದು ಜನರ ಹೆಸರಲ್ಲಿ ಒಂದೇ ಸ್ಟೂಲು ಮಾಡೋಣ."

"ಒಂದರ ಮೇಲೆ ಹನ್ನೊಂದು ಜನ ಹೇಗೆ ಕೂರೋದು?"

"ಅದನ್ನೇ ಒಗ್ಗಟ್ಟು ಅನ್ನೋದು."

ಗುಂಡಿಯಕ್ಕ ಪಾದ್ರಿಗಳ ಕಡೆ ತಿರುಗಿದಳು. "ಫಾದರ್, ಆ ಫಲಕ ಬಿಟ್ಟು ಬರೀ ಸ್ಟೂಲು ಕೊಟ್ರೆ ಆಗಲ್ವಾ? ಅಲ್ಲಿ ಒಬ್ಬಳ ಕಾಲು ಹೋಗ್ತಾ ಇದೆ."

ಪಾದ್ರಿಗಳು ನಿಜವಾಗಿಯೂ ನೊಂದುಕೊಂಡರು. "ಬರೀ ಸ್ಟೂಲು ಕೊಡಬಹುದಮ್ಮ, ಯಾಕೆ ಕೊಡಬಾರದು. ಆದರೆ ಹಾಗೆ ಕೊಟ್ಟರೆ ಅದು ಯಾರ ನೆನಪಿಗೆ ಅಂತ ಆಗುತ್ತೆ?"

"ಯಾರ ನೆನಪಿಗೂ ಬೇಡ. ನಾವು ಕೂರ್ತೀವಿ, ಅಷ್ಟೇ."

"ಹಾಗಾದರೆ ಅದು ಪೀಠೋಪಕರಣವಾಗುತ್ತದೆ," ಎಂದರು ಕಾರ್ಯದರ್ಶಿಗಳು ತಗ್ಗಿದ ದನಿಯಲ್ಲಿ. "ನ್ಯಾಯವಾಗುವುದಿಲ್ಲ."

ಬಡಗಿಯನ್ನು ಕರೆಸಿದರು. ಅವನು ಫಲಕವನ್ನೂ ಸ್ಟೂಲನ್ನೂ ಒಂದರ ಪಕ್ಕ ಒಂದಿಟ್ಟು ತಲೆ ಕೆರೆದುಕೊಂಡ. "ಸ್ಟೂಲಿಗೆ ಬೆನ್ನು ಕಟ್ಟಿ ಅಂತೀರಿ. ಇದು ಸ್ಟೂಲಿಗೆ ಬೆನ್ನಲ್ಲ ಸ್ವಾಮಿ, ಬೆನ್ನಿಗೆ ಸ್ಟೂಲು. ಹಿಂದೆ ಎರಡು ಆನಿಕೆ ಕೊಡದೆ ಇದ್ರೆ ಯಾರ ಮೇಲಾದ್ರೂ ಬಿದ್ದು ಅವರ ಹೆಸರಲ್ಲಿ ಇನ್ನೊಂದು ಫಲಕ ಮಾಡಿಸಬೇಕಾಗುತ್ತೆ."

ಖಜಾಂಚಿಗಳು ಆ ಮಾತನ್ನು ಒಂದು ಕ್ಷಣ ಪರಿಗಣಿಸಿದರು. ಕೊನೆಗೆ ಆನಿಕೆಗೆ ಒಪ್ಪಿಗೆ ಕೊಟ್ಟರು.

ಈ ನಡುವೆ ದೊಡ್ಡಮ್ಮ ಎರಡು ಕೌಂಟರಿಗೆ ನಿಂತಿದ್ದಳು. ಗುಂಡಿಯಕ್ಕ ಹದಿಮೂರನೆಯ ಸಲ ಹೋದ ದಿನ, ದೊಡ್ಡಮ್ಮ ಟವೆಲ್ ಮಡಿಸುತ್ತ ಮಡಿಸುತ್ತ ತಾನೂ ಮಡಿಸಿಕೊಂಡು ನೆಲಕ್ಕೆ ಬಂದಳು. ಸಾಹುಕಾರರು ಗಲ್ಲಾದಿಂದ ಇಳಿದು ಬಂದು, ಗಿರಾಕಿಗಳ ಎದುರು ಇನ್ನೊಂದು ಸಲ ಬೀಳುವುದಾದರೆ ಮನೆಯಲ್ಲೇ ಬೀಳಬೇಕಾಗುತ್ತದೆ ಎಂದು ತಿಳಿಸಿಹೋದರು.

"ಇನ್ನು ಮೇಲೆ ನಾನು ಹೋಗಲ್ಲ ದೊಡ್ಡಮ್ಮ," ಎಂದಳು ಗುಂಡಿಯಕ್ಕ, ಕಾಲು ನೀವುತ್ತ. "ಅವರು ಫಲಕಾನ ತಲೆ ಮೇಲೆ ಇಟ್ಕೊಂಡು ಕುಣೀಲಿ."

"ಹದಿಮೂರು ದಿನ ನಿಂತಿದ್ದು ದಂಡ ಆಗುತ್ತಲ್ಲೇ. ಹೋಗಿ ಬಾ."

"ನಿನ್ನ ಋಣ ಏರ್ತಾ ಇದೆ ನನ್ನ ಮೇಲೆ."

"ಏರಲಿ ಬಿಡು. ಕಾಲಿನ ನೋವಿಗಿಂತ ಹೆಚ್ಚೇನೂ ಏರಲ್ಲ."

ಒಟ್ಟು ಹತ್ತೊಂಬತ್ತು ಸಲ ಗುಂಡಿಯಕ್ಕ ಆ ಕಚೇರಿಗೆ ಹೋದಳು. ಹತ್ತೊಂಬತ್ತು ಬೆಳಗು, ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ದೊಡ್ಡಮ್ಮ ಅವಳ ಪಾಲಿನದನ್ನೂ ನಿಂತಳು. ಇಪ್ಪತ್ತನೆಯ ಬೆಳಿಗ್ಗೆ, ಈಗ ಪೀಠ ಎನ್ನಿಸಿಕೊಂಡ ಆ ಸ್ಟೂಲನ್ನು ಫಲಕಸಮೇತ ಎಂಟು ಜನ ಹೊತ್ತು ಅಂಗಡಿಗೆ ತಂದರು.

ಎಲ್ಲಿ ಇಡುವುದೆಂಬ ಪ್ರಶ್ನೆಯನ್ನು ಸಾಹುಕಾರರೇ ಬಗೆಹರಿಸಿದರು. ಫಲಕದಲ್ಲಿ ತಮ್ಮ ಹೆಸರು ಸೂಲಗಿತ್ತಿಯ ಹೆಸರಿಗಿಂತ ಎರಡು ಬೆರಳು ದಪ್ಪವಾಗಿರುವುದನ್ನು ಕಂಡವರೇ, ಗಲ್ಲಾದ ಕುರ್ಚಿಯಿಂದ ಓದಲು ಬರುವ ಹಾಗೆ ಎದುರಿಗೆ, ಟವೆಲ್ ಮೂಲೆಯಲ್ಲಿ ನಿಲ್ಲಿಸಿ ಎಂದರು. ಆನಿಕೆಗಳಿಂದಾಗಿ ಅದು ಗೋಡೆಯಿಂದ ನಾಲ್ಕಡಿ ಮುಂದಕ್ಕೆ ನಿಂತಿತು. ಪಾದ್ರಿಗಳು ಚಿಕ್ಕ ಪ್ರಾರ್ಥನೆ ಮಾಡಿದರು. ಕಾರ್ಯದರ್ಶಿಗಳು ಪ್ರಕಟಣೆ ಓದಿದರು:

"ಕೂರುವ ಹಕ್ಕಿನ ಗೌರವಾರ್ಥ ಈ ಪೀಠವನ್ನು ಸ್ಥಾಪಿಸಲಾಗಿದೆ. ಸ್ವರ್ಗಸ್ಥರ ಹೆಸರಿಗೆ ಬದುಕಿರುವವರ ಬೆನ್ನು ತಾಗುವುದು ಯೋಗ್ಯವಲ್ಲವಾದ್ದರಿಂದ ಇದರ ಮೇಲೆ ಯಾರೂ ಕೂರತಕ್ಕದ್ದಲ್ಲ. ಯಾರೂ ಕೂರದಂತೆ ನೋಡಿಕೊಳ್ಳಲು ಫಲಾನುಭವಿಗಳಲ್ಲಿ ಒಬ್ಬರು ಅಂಗಡಿಯ ವೇಳೆಯುದ್ದಕ್ಕೂ ಇದರ ಮುಂದೆ ನಿಂತಿರತಕ್ಕದ್ದು. ಈ ಸೌಲಭ್ಯವನ್ನು ಹಿರಿತನದ ಆಧಾರದ ಮೇಲೆ ಒದಗಿಸಲಾಗುವುದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಫಲಕದ ನಟ್ಟನಡುವೆ 'ಮೊದಲು ಕೂತ್ಕೋ, ಆಮೇಲೆ ಹೇಳು' ಎಂಬುದು ಥಳಥಳ ಹೊಳೆಯುತ್ತಿತ್ತು.

ಹಿರಿತನದ ಪ್ರಕಾರ ಮೊದಲ ಸರದಿ ದೊಡ್ಡಮ್ಮನದು. ಆಕೆ ಗೋಡೆ ಹಿಡಿದು ಒಂದು ಹೆಜ್ಜೆ ಇಟ್ಟಳು. ಗುಂಡಿಯಕ್ಕ ಅಡ್ಡ ಬಂದಳು.

"ಬೆಳಗಿನ ಪಾಳಿ ನನ್ನದು. ಹತ್ತೊಂಬತ್ತು ಬೆಳಗು ನೀನು ನನ್ನ ಬದಲು ನಿಂತೆ. ಹತ್ತೊಂಬತ್ತು ಬೆಳಗು ನಾನು ನಿನ್ನ ಬದಲು."

"ಹುಚ್ಚಿ, ಇದನ್ನೆಲ್ಲ ಯಾರಾದ್ರೂ ಲೆಕ್ಕ ಇಡ್ತಾರಾ."

"ನಾನು ಇಡ್ತೀನಿ. ಹೋಗು, ನಿನ್ನ ಟವೆಲ್ ನೋಡ್ಕೋ."

ದೊಡ್ಡಮ್ಮ ಟವೆಲ್ ನೋಡಲು ಹೋದಳು. ಟವೆಲ್ ಬಂಡಲುಗಳು ಇದ್ದದ್ದು ಫಲಕದ ಹಿಂದೆ. ಎರಡು ಆನಿಕೆಗಳ ನಡುವೆ, ಗೋಡೆಗೂ ಫಲಕಕ್ಕೂ ಮಧ್ಯೆ, ನಾಲ್ಕಡಿ ಜಾಗ. ತಂಪು. ಕೆಳಗೆ ಮೆತ್ತನೆಯ ಬಂಡಲು. ಮುಂದೆ ಆರಡಿ ಹಿತ್ತಾಳೆ. ಬಂಡಲು ಎಣಿಸಲೆಂದು ಬಗ್ಗಿದವಳು ಹಾಗೆಯೇ ಕೂತಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಅಂಗಡಿಯ ಸೂರನ್ನು ಕೂತು ನೋಡಿದಳು. ಅಂಥ ಚೆಂದವೇನೂ ಇರಲಿಲ್ಲ.

ಹತ್ತು ನಿಮಿಷ ಕಳೆಯಿತು. ಸಾಹುಕಾರರು ಗಲ್ಲಾದಿಂದ ತಲೆಯೆತ್ತಿ ನೋಡಿದರು. ಅವರಿಗೆ ಕಂಡದ್ದು ತಮ್ಮ ಹೆಸರು ಮತ್ತು ಅದರ ಮುಂದೆ ಭಕ್ತಿಯಿಂದ ನಿಂತ ಗುಂಡಿಯಕ್ಕ. ತೃಪ್ತಿಯಿಂದ ನೋಟು ಎಣಿಸತೊಡಗಿದರು.

"ದೊಡ್ಡಮ್ಮ," ಎಂದಳು ಗುಂಡಿಯಕ್ಕ, ತುಟಿ ಅಲ್ಲಾಡಿಸದೆ. "ಎಲ್ಲಿದ್ದೀಯಾ?"

"ಮಹಾಮಾತೆಯ ಹಿಂದೆ," ಎಂದಿತು ಹಿತ್ತಾಳೆ.

ಅಂದಿನಿಂದ ಆ ಅಂಗಡಿಯಲ್ಲಿ ಟವೆಲ್ ಎಣಿಕೆ ಬಹಳ ಕಟ್ಟುನಿಟ್ಟಾಯಿತು. ಸೀರೆ ಕೌಂಟರಿನವಳು ಗಂಟೆಗೊಮ್ಮೆ ಹೋಗಿ ಹತ್ತು ನಿಮಿಷ ಎಣಿಸಿ ಬರುತ್ತಿದ್ದಳು. ರಿಬ್ಬನ್ನಿನವಳು, ಕಾಲುಚೀಲದವಳು, ಮೇಲಿನ ಮಹಡಿಯ ಪರದೆಯವಳು, ಎಲ್ಲರೂ ಎಣಿಸಿದರು. ಯಾರ ಕೌಂಟರು ಖಾಲಿಯಾದರೂ ಪಕ್ಕದವಳು ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಒಂದರ ಮೇಲೆ ಪೀಠದ ಮುಂದೆ ಉಳಿದವರು ಸರದಿಯಂತೆ ನಿಲ್ಲುತ್ತಿದ್ದರು. ಒಂದೇ ಒಂದು ಟವೆಲ್ ಹೆಚ್ಚುಕಡಿಮೆಯಾಗದಿರುವುದನ್ನು ಕಂಡು ಸಾಹುಕಾರರು, ನಿಂತು ಕೆಲಸ ಮಾಡುವವರಿಗೂ ಕೂತು ಕೆಲಸ ಮಾಡುವವರಿಗೂ ಇದೇ ವ್ಯತ್ಯಾಸ ನೋಡಿ ಎಂದು ಬೇರೆ ಅಂಗಡಿಯವರಿಗೆ ಹೇಳತೊಡಗಿದರು.

ಎರಡನೆಯ ವಾರ ಕಾರ್ಯದರ್ಶಿಗಳು ಪರಿಶೀಲನೆಗೆ ಬಂದರು.

"ಪೀಠದ ಮೇಲೆ ಈವರೆಗೆ ಎಷ್ಟು ಜನ ಕೂತಿದ್ದಾರೆ?"

"ಒಬ್ಬರೂ ಇಲ್ಲ ಸಾರ್."

"ಬಹಳ ಸಂತೋಷ. ಹಿಂಭಾಗವನ್ನೂ ನೋಡಬೇಕಾಗುತ್ತದೆ."

ಗುಂಡಿಯಕ್ಕ ಅವರ ಮುಖ ನೋಡಿದಳು. ಆಮೇಲೆ ಅವರ ಕಾಲು ನೋಡಿದಳು. ಎಡಗಾಲು ಬಲಗಾಲನ್ನು ಉಜ್ಜುತ್ತಿತ್ತು. "ನೋಡಿ ಸಾರ್. ಬಲಗಡೆ ಬಂಡಲು ಮೆತ್ತಗಿದೆ," ಎಂದಳು.

ಹಿಂಭಾಗದ ಪರಿಶೀಲನೆ ನಲವತ್ತು ನಿಮಿಷ ನಡೆಯಿತು. ವರದಿಯಲ್ಲಿ ಅವರು ಹೀಗೆ ಬರೆದರು: ಮುಂಭಾಗ ತೃಪ್ತಿಕರ. ಹಿಂಭಾಗ ಅತ್ಯಂತ ತೃಪ್ತಿಕರ. ವಾರಕ್ಕೊಮ್ಮೆ ಮರುಪರಿಶೀಲನೆ ಅಗತ್ಯ.

ಒಳ್ಳೆಯ ಸುದ್ದಿಗೆ ಬೋರ್ಡು ಬೇಕಾಗುವುದಿಲ್ಲ. ತಿಂಗಳು ತುಂಬುವುದರೊಳಗೆ ನಿಧಿಗೆ ಅರ್ಜಿಗಳ ರಾಶಿ ಬಿತ್ತು. ಬೇಕರಿಯ ಹುಡುಗಿಯರು, ಔಷಧಿ ಅಂಗಡಿಯವರು, ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಕಾವಲುಗಾರರು ಎಲ್ಲರೂ ಬರೆದದ್ದು ಒಂದೇ: ನಮಗೆ ಸ್ಟೂಲು ಬೇಡ, ಫಲಕ ಸಾಕು, ಆರಡಿಗಿಂತ ಕಡಿಮೆ ಇರಬಾರದು. ಜನರಲ್ಲಿ ಸ್ಮರಣೆಯ ಭಾವ ಇಷ್ಟೊಂದು ಜಾಗೃತವಾದದ್ದನ್ನು ಕಂಡು ಪಾದ್ರಿಗಳು ಭಾನುವಾರದ ಉಪದೇಶದಲ್ಲಿ ಕಣ್ಣೀರು ತಂದುಕೊಂಡರು. ಖಜಾಂಚಿಗಳ ಭಾವಮೈದ ಇಬ್ಬರು ಆಳುಗಳನ್ನು ಇಟ್ಟುಕೊಂಡ. ಡಾಕ್ಟರು ದೊಡ್ಡಮ್ಮನ ಕಾಲು ಒತ್ತಿ ನೋಡಿ, ಬಾವು ಇಳಿದಿದೆಯಲ್ಲ, ಯಾವ ಔಷಧಿ ತಗೊಂಡ್ರಿ ಎಂದು ಕೇಳಿದರು.

"ಹಿತ್ತಾಳೆ, ಡಾಕ್ಟ್ರೇ," ಎಂದಳು ದೊಡ್ಡಮ್ಮ. ಅವರು ಬರೆದುಕೊಂಡರು.

ಹತ್ತೊಂಬತ್ತನೆಯ ಬೆಳಗು ಅಂಗಡಿಯಲ್ಲಿ ಜನ ಜಾಸ್ತಿ. ಸಾಹುಕಾರರು ಇಬ್ಬರು ನೆಂಟರನ್ನು ಕರೆತಂದು ಫಲಕವನ್ನು ಮೇಲಿನಿಂದ ಕೆಳಗಿನವರೆಗೆ ಓದಿಸಿದರು. ನೆಂಟರು ಗುಂಡಿಯಕ್ಕನನ್ನೂ ಪೀಠದ ಭಾಗವೆಂದು ತಿಳಿದು ಒಮ್ಮೆ ಮುಟ್ಟಿ ನೋಡಿ ಹೋದರು. ಅವಳು ಕದಲಲಿಲ್ಲ. ಪಾದ ಉರಿಯುತ್ತಿತ್ತು, ಸೊಂಟ ಎರಡು ತುಂಡಾದಂತಿತ್ತು. ಗಡಿಯಾರದ ಮುಳ್ಳು ಒಂದಕ್ಕೆ ಬಂತು.

"ಒಂದು ಗಂಟೆ ಆಯ್ತು ಕಣೇ," ಎಂದಳು ಫಲಕದ ಹಿಂದಿನಿಂದ ದೊಡ್ಡಮ್ಮ. "ತೀರಿತು ನಿನ್ನ ಋಣ. ಬಾ ಈ ಕಡೆ, ಜಾಗ ಇದೆ."

"ಈ ಗಡಿಯಾರ ಐದು ನಿಮಿಷ ಮುಂದಿದೆ ದೊಡ್ಡಮ್ಮ," ಎಂದಳು ಗುಂಡಿಯಕ್ಕ, ಎದುರಿನ ಗಲ್ಲಾದ ಮೇಲಿಂದ ಕಣ್ಣು ತೆಗೆಯದೆ. ಮಿಕ್ಕಿದ್ದ ಐದು ನಿಮಿಷವನ್ನೂ ನಿಂತು ತೀರಿಸಿದಳು.